ಶಾಂತಯ್ಯ ಮಾಸ್ತರರ ಮುಂದಿನ ಗಾಲಿ

ಎಲ್ಲ ಫಜೀತಿಗೂ ಮೂಲ ಬಿಂದುಮಾಧವರಾಯರ ಎಡಗಾಲು. ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಸುವ ಈ ಮನುಷ್ಯ ನವನಗರದ ಮನೆಯಿಂದ ಕಾಲೇಜಿಗೆ ಇಪ್ಪತ್ತೆರಡು ವರ್ಷ ಸೈಕಲ್ಲಿನ ಮೇಲೆಯೇ ಹೋಗಿಬಂದವರು. ಒಂದು ದಿನ ಬೆನ್ನಿನ ಮಣಿಯೊಂದು ಜಾಗ ಬಿಟ್ಟು ಜರುಗಿತು, ಎಡಗಾಲಿನ ಶಕ್ತಿ ಅರ್ಧಕ್ಕರ್ಧ ಇಳಿಯಿತು. "ಇನ್ನ ಮುಂದ ಸೈಕಲ್ ಮ್ಯಾಲ ಕೂಡಬ್ಯಾಡ್ರಿ" ಅಂದರು ಡಾಕ್ಟರು. ರಾಯರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಕೂಡುವುದನ್ನು ಬಿಟ್ಟು, ಮಲಗಿಕೊಂಡು ಹೊಡೆಯುವ ಸೈಕಲ್ಲೊಂದನ್ನು ಕಟ್ಟಲು ಶುರುಮಾಡಿದರು.

ಸೈಕಲ್ ಇಲ್ಲದಿದ್ದರೆ ಕಾಲೇಜಿಗೆ ಹೋಗಲು ಉಳಿದದ್ದು ಎದುರು ಮನೆಯ ಮುರುಗೆಪ್ಪನವರ ಸ್ಕೂಟರಿನ ಹಿಂದಿನ ಸೀಟು ಒಂದೇ. ಬಸ್ಸಿನಲ್ಲಿ ನಿಂತರೆ ಬೆನ್ನು ಕೇಳುತ್ತಿರಲಿಲ್ಲ. ಹತ್ತಿ ವ್ಯಾಪಾರದ ಮುರುಗೆಪ್ಪನವರು ಪರೋಪಕಾರಿಗಳೇ. ಆದರೆ ಸ್ಕೂಟರ್ ಚಾಲೂ ಆದೊಡನೆ ಅವರ ಬಾಯಿಯೂ ಚಾಲೂ ಆಗುತ್ತಿತ್ತು, ಮತ್ತು ಮಾತಾಡುವಾಗ ಎದುರಿನವರ ಮುಖ ನೋಡಿಯೇ ಮಾತಾಡಬೇಕೆಂಬುದು ಅವರ ಮನೆತನದ ಸಂಸ್ಕಾರ. ಹಿಂದೆ ಕೂತವರ ಮುಖವನ್ನೂ ಅವರು ಬಿಡುತ್ತಿರಲಿಲ್ಲ.

ಮೂರು ವರ್ಷದ ರವಿವಾರಗಳನ್ನೆಲ್ಲ ಸುರಿದು ಕಟ್ಟಿದ ಸೈಕಲ್ಲು ಇದು. ನಡುವೆ ಆರಾಮಕುರ್ಚಿಯಂಥ ಸೀಟು. ಅದರಲ್ಲಿ ಹಿಂದಕ್ಕೆ ಒರಗಿ ಕಾಲು ಮುಂದಕ್ಕೆ ಚಾಚಬೇಕು. ಪೆಡಲು, ಚೈನು ಎಲ್ಲ ಮುಂದಿನ ಗಾಲಿಗೇ ಜೋಡಣೆ. ಹಿಂದಿನ ಗಾಲಿಯದು ಸುಮ್ಮನೆ ಬೆನ್ನುಹತ್ತಿ ಬರುವ ಕೆಲಸ. ಚೈನು ಗಿಡ್ಡ, ತೂಕ ಕಡಿಮೆ, ಬೆನ್ನಿಗೆ ಸುಖ. ಒಂದೇ ತೊಡಕು: ಹ್ಯಾಂಡಲ್ ತಿರುಗಿದರೆ ಪೆಡಲೂ ತಿರುಗುತ್ತದೆ, ಪೆಡಲ್ ಒತ್ತಿದರೆ ಹ್ಯಾಂಡಲೂ ತಿರುಗುತ್ತದೆ. ಎಡಗಾಲು ಒತ್ತಿದರೆ ಬಲಕ್ಕೆ, ಬಲಗಾಲು ಒತ್ತಿದರೆ ಎಡಕ್ಕೆ. ಎರಡೂ ಕಾಲು ಸರಿಯಿದ್ದವನು ಕೈಯಿಂದ ಅದನ್ನು ಸಂಭಾಳಿಸಿಕೊಂಡಾನು. ರಾಯರಲ್ಲಿ ದುಡಿಯುತ್ತಿದ್ದದ್ದು ಬಲಗಾಲು ಒಂದೇ. ಹಾಗಾಗಿ ಸೈಕಲ್ಲು ಎಡಕ್ಕೆ ಎಳೆಯುತ್ತಿತ್ತು.

ಇಷ್ಟು ಶಾಸ್ತ್ರ. ಆದರೆ ಆ ಓಣಿಯ ಎಡಕ್ಕೆ ಎಂಟು ಮನೆಗಳಿದ್ದವು, ಎಂಟು ಗೇಟುಗಳಿದ್ದವು. ಸೈಕಲ್ಲು ಹೊಕ್ಕದ್ದು ಮಾತ್ರ ಪ್ರತಿ ಸಲವೂ ಐದನೆಯ ಗೇಟನ್ನೇ.

ಐದನೆಯದು ಶಾಂತಯ್ಯ ಮಾಸ್ತರರ ಮನೆ. ಮಾಸ್ತರರು ತೀರಿಕೊಂಡು ಎರಡು ವರ್ಷ. ಈಗ ಅಲ್ಲಿರುವವರು ಅವರ ಹೆಂಡತಿ, ಎಪ್ಪತ್ತು ದಾಟಿದ ಶಿವಬಸವ್ವ. ಮೊದಲ ಸಲ ಸೈಕಲ್ಲು ಒಳನುಗ್ಗಿ ಪಾರಿಜಾತದ ಗಿಡಕ್ಕೆ ಗುದ್ದಿ ನಿಂತಾಗ ಆಕೆ ರಾಯರ ಕಡೆ ನೋಡಲೇ ಇಲ್ಲ. ಮುಂದಿನ ಗಾಲಿಯ ನಡುವೆ ಅಚ್ಚಿಗೆ ಸುತ್ತಿದ್ದ ಕೆಂಪು-ಹಸಿರು ಬ್ರಶ್ಶಿನ ಬಳೆಯನ್ನು ಬಗ್ಗಿ ಮುಟ್ಟಿದರು. "ಇದು ನಮ್ಮನಿಯವರ ಗಾಲಿ. ಈ ಬಳಿ ನಾನಽ ಸಂತ್ಯಾಗ ತಂದು ಹಾಕಿದ್ದೆ" ಅಂದರು. ಮುಂದಿನ ಗಾಲಿ ಮತ್ತು ಅದನ್ನು ಹಿಡಿಯುವ ಫೋರ್ಕು ಎರಡನ್ನೂ ರಾಯರು ಗುಜರಿಯಲ್ಲಿ ಆರಿಸಿ ತಂದಿದ್ದರು. ಅವು ಮೊದಲು ಯಾರವಾಗಿದ್ದವು ಎಂದು ಗುಜರಿಯಲ್ಲಿ ಯಾರು ತಾನೆ ಕೇಳುತ್ತಾರೆ?

ಮರು ರವಿವಾರ ಎರಡನೆಯ ಸಲ ಹೊಕ್ಕಾಗ ಕಟ್ಟೆಯ ಮೇಲೆ ಚಹಾದ ಕಪ್ಪು ಇತ್ತು. ಬಿಸಿಯಾಗಿಯೇ ಇತ್ತು, ಮೇಲೆ ಬಸಿ ಮುಚ್ಚಿತ್ತು. ಮೂರನೆಯ ಸಲ, ಅಂದರೆ ಈ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ, ಗೇಟು ಮೊದಲೇ ತೆರೆದಿತ್ತು.

ದೂರದಿಂದಲೇ ಅದನ್ನು ಕಂಡ ರಾಯರು ಎರಡೂ ಕೈಯಿಂದ ಹ್ಯಾಂಡಲನ್ನು ಬಲಕ್ಕೆ ಜಗ್ಗಿದರು. ಜಗ್ಗಿದಷ್ಟೂ ಅದು ಎಡಕ್ಕೆ ಹೊರಳಿತು. ಬ್ರೇಕು ಒತ್ತಿದರು. ಬ್ರೇಕು "ಹ್ಞುಂ... ಹ್ಞುಂ" ಎಂದು ಸಪ್ಪಳ ಮಾಡಿತು. ಶಾಂತಯ್ಯ ಮಾಸ್ತರರು ದಿನಾ ಮನೆಗೆ ಬಂದಾಗ ಗೇಟಿನಲ್ಲಿ ಹೀಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರೆಂಬುದು ಓಣಿಗೆಲ್ಲ ಗೊತ್ತಿತ್ತು. ಸೈಕಲ್ಲು ಒಳಗೆ ಹೋಗಿ ಕಟ್ಟೆಯ ಮುಂದೆ ತಾನೇ ನಿಂತಿತು.

"ಬಂದ್ರೇನ್ರಿ? ಇವತ್ತ ಎರಡು ಮಿನಿಟ ತಡಾ ಆತಲ್ಲ" ಅಂದರು ಶಿವಬಸವ್ವ, ಗಾಲಿಗೆ.

"ಕಾಕೂ, ನಾನು ಬಿಂದುಮಾಧವ" ಅಂದರು ರಾಯರು, ಮಲಗಿದಲ್ಲಿಂದಲೇ.

"ಗೊತ್ತೈತಿ ತಮ್ಮಾ. ನೀ ಹಿಂದ ಕುಂತೀದಿ. ಹಿಂದ ಕುಂತವರನ್ನ ಯಾರು ಕೇಳ್ತಾರ? ತಡಿ, ಅವರದು ಚಾ ಆಗಲಿ, ಆಮ್ಯಾಲ ನಿನಗೂ ಕೊಡ್ತೀನಿ."

ರಾಯರ ಬೆನ್ನಿನಲ್ಲಿ ಸರಿಯಿದ್ದ ಮಣಿಗಳೂ ತಣ್ಣಗಾದವು. ಎದ್ದು ನಿಲ್ಲುವಷ್ಟರಲ್ಲಿ ಗೇಟಿನಲ್ಲಿ ಓಣಿಯೇ ನೆರೆದಿತ್ತು. ಮುರುಗೆಪ್ಪನವರ ಹೆಂಡತಿ ದಾಕ್ಷಾಯಿಣಿ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. ಮುರುಗೆಪ್ಪನವರು ಎಲ್ಲರನ್ನೂ ಸರಿಸಿ ಮುಂದೆ ಬಂದರು.

"ನಾ ಹೇಳ್ಲೇನ್ರಿ ರಾಯರ? ತಪ್ಪು ನಿಮ್ಮದಽ. ನಿಮ್ಮೊಳಗ ಹೋದವರನ್ನ ಮಲಗಿಸಿ ಒಯ್ತಾರ. ನಮ್ಮೊಳಗ ಕುಂದರಿಸಿ ಒಯ್ತೀವಿ. ನೀವು ಅರ್ಧಾ ಮಲಕೊಂಡು ಅರ್ಧಾ ಕುಂತು, ಕಾಲು ಮುಂದ ಮಾಡಿ ಹೊಂಟೀರಿ. ಮ್ಯಾಲಿದ್ದವರಿಗೂ ಇದು ಯಾರ ಪೈಕಿ ಅಂತ ತಿಳೀವಲ್ದಾಗೇತಿ. ಅದಕ್ಕಽ ಪರಿಚಯದವರೊಬ್ಬರು ಬಂದು ಹ್ಯಾಂಡಲ್ ಹಿಡದಾರ."

"ಏನೂ ಇಲ್ಲರೀ, ಎಲ್ಲಾ ಕೋನದಾಗ ಅದ!" ಅಂದರು ರಾಯರು. ಹೆದರಿದಾಗ ಅವರ ದನಿ ಕ್ಲಾಸಿನ ದನಿಯಾಗುತ್ತಿತ್ತು. ಇಟ್ಟಂಗಿ ಚೂರೊಂದನ್ನು ಎತ್ತಿಕೊಂಡು ಅಂಗಳದ ಫರಸಿ ಕಲ್ಲಿನ ಮೇಲೆ ಗೆರೆ ಎಳೆದೇಬಿಟ್ಟರು. "ನೋಡ್ರಿ, ಹ್ಯಾಂಡಲಿನ ಕೊಳವಿ ಗುಂಟ ನೆಲದ ತನಕಾ ಒಂದು ಗೆರಿ ಎಳೀರಿ. ಗಾಲಿ ನೆಲಕ್ಕ ಮುಟ್ಟೂದು ಆ ಗೆರಿಗಿಂತ ಹಿಂದ. ನಡುವಿನ ಈ ಅಂತರಕ್ಕ ಟ್ರೇಲ್ ಅಂತಾರ. ಅದು ಕಡಿಮಿ ಇದ್ರ ಗಾಲಿ ಚಂಚಲ, ಕಂಡಲ್ಲೆ ಹೊರಳತದ. ಹೆಚ್ಚಿದ್ರ ಹಟಮಾರಿ, ನೆಟ್ಟಗ ಹೋಗ್ತದ. ನಂದು ಎರಡು ಬೆರಳು ಅದ, ನಾಕು ಬೆರಳು ಆಗಬೇಕು. ಕೊಳವಿ ಒಂದು ಮೂರು ಡಿಗ್ರಿ ವಾಲಿಸಿದ್ರ ಮುಗೀತು."

"ಮೂರು ಡಿಗ್ರಿಗೆ ಹೆದರಿ ಓಡಿಹೋಗೂ ಮಾಸ್ತರ ಅಲ್ಲ ಅವರು" ಅಂದರು ಮುರುಗೆಪ್ಪನವರು.

ಅಷ್ಟರಲ್ಲಿ ರಾಯರ ಹೆಂಡತಿ ಅಂಬಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದರು. ಗಂಡನ ಗೆರೆಯನ್ನು ನೋಡಲಿಲ್ಲ, ಕಟ್ಟೆಯ ಮೇಲಿನ ಕಪ್ಪನ್ನು ನೋಡಿದರು. ಶಿವಬಸವ್ವ ಅದನ್ನು ಮುಟ್ಟಿರಲಿಲ್ಲ, ರಾಯರೂ ಮುಟ್ಟಿರಲಿಲ್ಲ. ಕಪ್ಪು ಅರ್ಧ ಖಾಲಿಯಾಗಿತ್ತು. ಬಿಸಿಲಿಗೆ ಆರಿರಬೇಕು ಎಂದು ಯಾರೋ ಅಂದರು. ಹತ್ತು ಮಿನಿಟಿನಲ್ಲಿ ಚಹಾ ಹಾಗೆ ಆರುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಸಾಕು" ಅಂದರು ಅಂಬಾಬಾಯಿ. "ಮೂರು ವರ್ಷ ಸುಮ್ಮನಿದ್ದೆ. ಈಗ ನನಗ ಹೆದರಿಕಿ ಆಗ್ಲಿಕ್ಕತ್ತದ. ನಾಳೆ ಬೆಳಿಗ್ಗೆ ಗುಜರಿಯವನಿಗೆ ಹೇಳ್ತೀನಿ."

ರಾಯರು ಸೀಟಿನ ಬೆನ್ನಿಗೆ ಕೈ ಊರಿ ನಿಂತರು. ಆ ಸೀಟಿನಲ್ಲಿ ಒರಗಿ ಮೊದಲ ಸಲ ಐವತ್ತು ಮಾರು ಹೋದಾಗ ಬೆನ್ನು ನೋಯಲಿಲ್ಲವೆಂದು ಅವರು ಹಿತ್ತಲಲ್ಲಿ ಒಬ್ಬರೇ ನಿಂತು ಅತ್ತಿದ್ದರು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

"ಅಂಬಾ, ಇವತ್ತ ಸಂಜಿ ತನಕಾ ಟೈಮ್ ಕೊಡು. ರಿಪೇರಿ ಮಾಡಿಸಿ ತಂದು ಎಲ್ಲಾರ ಮುಂದ ಇದಽ ಓಣ್ಯಾಗ ಹೊಡೀತೀನಿ. ಈ ಗೇಟು ಹೊಕ್ಕರ ನೀನಽ ಗುಜರಿಗೆ ಹಾಕು. ಹೊಗಲಿಲ್ಲಂದ್ರ ಸೈಕಲ್ ನಮ್ಮನ್ಯಾಗಽ ಇರಬೇಕು. ನಾಳಿಂದ ದಿನಾ ಇದರ ಮ್ಯಾಲೇ ಕಾಲೇಜಿಗೆ ಹೋಗ್ತೀನಿ, ಒಂದು ದಿನಾ ತಪ್ಪಸೂದಿಲ್ಲ. ತಪ್ಪಿಸಿದ್ರ ಈ ಓಣ್ಯಾಗ ಮುಖಾ ತೋರಸೂದಿಲ್ಲ."

"ಆತು. ಆದ್ರ ಆಮ್ಯಾಲ ನೀವೂ ಮಾತು ತಿರಗಸಬಾರದು, ನಾನೂ ತಿರಗಸಬಾರದು" ಅಂದರು ಅಂಬಾಬಾಯಿ. ಮುರುಗೆಪ್ಪನವರು ಯಾರೂ ಕೇಳದೆಯೇ ಪಂಚರಾದರು. ದಾಕ್ಷಾಯಿಣಿ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಸಂಜೆ ಆರರ ಹೊತ್ತಿಗೆ ಎಲ್ಲರೂ ಬರಬೇಕೆಂದು ಹಾಕಿಯೂ ಬಿಟ್ಟರು.

ರಾಯರು ಸೈಕಲ್ಲನ್ನು ನೂಕಿಕೊಂಡು ಗಾಮನಗಟ್ಟಿ ರಸ್ತೆಯಲ್ಲಿರುವ ಯಮನಪ್ಪನ ವೆಲ್ಡಿಂಗ್ ಅಂಗಡಿಗೆ ಹೊರಟರು. ನೂಕುವಾಗಲೂ ಮುಂದಿನ ಗಾಲಿ ತಿರುತಿರುಗಿ ಎಡಕ್ಕೆ ಬೀಳುತ್ತಿತ್ತು. ಪೆಡಲು, ಚೈನು ಎಲ್ಲ ಮುಂದೆಯೇ ಇರುವುದರಿಂದ ಆ ಭಾರಕ್ಕೆ ಗಾಲಿ ಹೊರಳುವುದು ಸಹಜ ಎಂದು ತಮಗೆ ತಾವೇ ಹೇಳಿಕೊಂಡರು. ಒಂದು ಸಲ ಜೋರಾಗಿಯೇ ಹೇಳಿಕೊಂಡರು. ಎದುರಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ದಾಟಿದಳು.

ಅಂಗಡಿಯಲ್ಲಿ ಸೈಕಲ್ಲನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ನೀರು ಕುಡಿಯಲು ಒಳಗೆ ಹೋದರು. ಹೊರಗೆ ಬಂದಾಗ ಗಾಲಿ ನವನಗರದ ಕಡೆ ತಿರುಗಿತ್ತು.

"ಸರ್ರ, ನಾ ಮುಟ್ಟಿಲ್ರಿ" ಅಂದ ಯಮನಪ್ಪ. ನಲವತ್ತರ ಸಮೀಪದ ಗಟ್ಟಿ ಆಳು, ಕಿಡಿಗೆ ಕಣ್ಣು ಮಿಟುಕಿಸದವನು, ಈಗ ಎರಡು ಹೆಜ್ಜೆ ದೂರ ನಿಂತಿದ್ದ.

"ಭಾರಕ್ಕ ತಿರಗತದ. ಕೋನದಾಗ ಅದ. ಇಲ್ಲೆ ಕಟ್ ಮಾಡು, ಮೂರು ಡಿಗ್ರಿ ವಾಲಿಸಿ ಬೆಸುಗೆ ಹಾಕು" ಎಂದು ರಾಯರು ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟರು. ಯಮನಪ್ಪ ಗುರುತಿನ ಕಡೆ ನೋಡದೆ ಗಾಲಿಯ ನಡುವಿನ ಬ್ರಶ್ಶಿನ ಬಳೆಯನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಕೈ ತೊಳೆದುಕೊಂಡ. ಕೆಲಸ ಮುಗಿಸಿ ಕೈ ತೊಳೆಯುವವರು ಇರುತ್ತಾರೆ. ಶುರುಮಾಡುವ ಮೊದಲೇ ತೊಳೆದ ವೆಲ್ಡರನನ್ನು ರಾಯರು ಅಂದೇ ಕಂಡದ್ದು.

"ಐದಕ್ಕ ಬರ್ರಿ ಸರ್ರ" ಅಂದ.

ಐದಕ್ಕೆ ಹೋದಾಗ ಸೈಕಲ್ಲು ಮದುವಣಿಗನ ಹಾಗೆ ಮಿಂಚುತ್ತಿತ್ತು. ಕೊಳವೆ, ಫೋರ್ಕು, ಗಾಲಿಯ ರಿಮ್ಮು ಎಲ್ಲಕ್ಕೂ ಕಡುನೀಲಿ ಬಣ್ಣ. "ಮೂರು ಡಿಗ್ರಿ ಬರೋಬರಿ ಆತೇನಪಾ?" ಎಂದು ರಾಯರು ಕೇಳಿದರೆ, ಯಮನಪ್ಪ "ಬಣ್ಣ ಇನ್ನೂ ಹಸಿ ಐತ್ರಿ, ಮುಟ್ಟಬ್ಯಾಡ್ರಿ. ನಾನಽ ಟಂಟಂ ಗಾಡ್ಯಾಗ ಹಾಕ್ಕೊಂಡು ಬರ್ತೀನಿ" ಅಂದ. ಅಳತೆ ಮಾಡಬೇಕೆಂದು ರಾಯರ ಕೈ ತುರಿಸಿತು. ಆದರೆ ಕೋನಮಾಪಕ ಮನೆಯಲ್ಲಿತ್ತು, ಮುರುಗೆಪ್ಪನವರು ಆಗಲೇ ಏಳು ಸಲ ಫೋನ್ ಮಾಡಿದ್ದರು. ರಾಯರು ಒಂದು ಕಣ್ಣು ಮುಚ್ಚಿ ನೋಡಿದರು. ಮೂರು ಡಿಗ್ರಿ ಸ್ಪಷ್ಟವಾಗಿ ಕಂಡಿತು.

ಆರು ಗಂಟೆಗೆ ಓಣಿ ತುಂಬಿತ್ತು. ಕಂಪೌಂಡುಗಳ ಮೇಲೆ ಜನ, ಮಾಳಿಗೆಗಳ ಗಚ್ಚಿಯ ಮೇಲೆ ಜನ. ಆದರೆ ಅಷ್ಟು ಜನ ಸೇರಿದರೂ ಗದ್ದಲವಿರಲಿಲ್ಲ. ಹೊತ್ತು ಮುಳುಗುತ್ತಿತ್ತು, ಗಾಳಿ ಸಂಪೂರ್ಣ ನಿಂತಿತ್ತು. ಓಣಿಯ ನಾಯಿಗಳೆಲ್ಲ ಬಲಬದಿಯ ಕಟ್ಟೆಗಳ ಮೇಲೆ ಸಾಲಾಗಿ ಕೂತಿದ್ದವು. ಎಡಬದಿಯಲ್ಲಿ ಒಂದೂ ಇರಲಿಲ್ಲ.

ಐದನೆಯ ಗೇಟು ಪೂರಾ ತೆರೆದಿತ್ತು. ನಡುವೆ ಶಿವಬಸವ್ವ ನಿಂತಿದ್ದರು.

ರಾಯರು ಸೀಟಿನಲ್ಲಿ ಒರಗಿ, ಉಸಿರೆಳೆದು ಬಲಗಾಲು ಒತ್ತಿದರು. ಒಂದನೆಯ ಮನೆ ಹೋಯಿತು. ಎರಡು, ಮೂರು. ಇಳಿಜಾರಿಗೆ ಸೈಕಲ್ಲು ತಾನೇ ವೇಗ ಹಿಡಿಯಿತು. ನಾಲ್ಕನೆಯ ಮನೆ ದಾಟುತ್ತಿದ್ದಂತೆ ಗಾಲಿ ಒಮ್ಮೆ ನಡುಗಿತು. ಗೇಟಿನಲ್ಲಿ ಶಿವಬಸವ್ವನ ತುಟಿಗಳು ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಗಾಲಿ ನಡುಗುವುದನ್ನು ನಿಲ್ಲಿಸಿತು. ಸೈಕಲ್ಲು ಐದನೆಯ ಗೇಟನ್ನು ನೆಟ್ಟಗೆ ದಾಟಿ ಮುಂದೆ ಹೋಯಿತು.

ಗಚ್ಚಿಯ ಮೇಲಿನವರು ಚಪ್ಪಾಳೆ ತಟ್ಟಿದರು. "ಕೋನಽ! ಕೋನಽ!" ಎಂದು ರಾಯರು ಮಲಗಿದಲ್ಲೇ ಕೂಗಿದರು. ಮೂರು ವರ್ಷದಲ್ಲಿ ಅಷ್ಟು ಖುಷಿಯಾದದ್ದು ಅದೇ ಮೊದಲು. ಆ ಖುಷಿಯಲ್ಲಿ ಓಣಿ ಮುಗಿದದ್ದು ಗೊತ್ತಾಗಲಿಲ್ಲ.

ಓಣಿಯ ಕೊನೆಗೆ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೋದರೆ ದೊಡ್ಡ ರಸ್ತೆ. ರಾಯರು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರು. ಸೈಕಲ್ಲು ಎಡಕ್ಕೆ ಹೊರಳಿತು. ಬ್ರೇಕು ಒತ್ತಿದರು. ರಿಮ್ಮಿನ ಹಸಿ ಬಣ್ಣದ ಮೇಲೆ ಬ್ರೇಕಿನ ರಬ್ಬರು ಬೆಣ್ಣೆಯಂತೆ ಜಾರಿತು. ಈ ಸಲ "ಹ್ಞುಂ" ಎಂಬ ಸಪ್ಪಳವೂ ಬರಲಿಲ್ಲ. ಒಂದು ಕಬ್ಬಿಣದ ಗೇಟು, ಎರಡು ಬೇವಿನ ಮರ, ಆಮೇಲೆ ಎರಡೂ ಕಡೆ ಸಾಲಾಗಿ ಸಿಮೆಂಟಿನ ಕಟ್ಟೆಗಳು. ತಾವು ರುದ್ರಭೂಮಿಯೊಳಗೆ ಬಂದಿದ್ದೇವೆಂದು ರಾಯರಿಗೆ ತಿಳಿಯುವಷ್ಟರಲ್ಲಿ ಸೈಕಲ್ಲು ವೇಗ ಕಡಿಮೆ ಮಾಡಿ, ಎರಡು ಸಾಲು ಬಿಟ್ಟು, ಮೂರನೆಯ ಸಾಲಿಗೆ ತಿರುಗಿ, ಒಂದು ಸಮಾಧಿಯ ಮುಂದೆ ಮೆತ್ತಗೆ ನಿಂತಿತು. ರಾಯರ ಎರಡೂ ಪಾದಗಳ ನಡುವೆ ಬರಹ ಕಂಡಿತು: ಲಿಂಗೈಕ್ಯ ಶಾಂತಯ್ಯ ಮಾಸ್ತರರು.

ರಾಯರು ಗಡಬಡಿಸಿ ಪೆಡಲಿನಿಂದ ಕಾಲು ಕೆಳಗಿಳಿಸಿ, ಚಪ್ಪಲಿ ಬಿಟ್ಟು, ಮಲಗಿದಲ್ಲಿಂದಲೇ ಕೈ ಮುಗಿದರು. ಮುಂದಿನ ಗಾಲಿ ಮಾತ್ರ ಟಿಕ್, ಟಿಕ್ ಎಂದು ಇನ್ನೂ ಏನೋ ಎಣಿಸುತ್ತಿತ್ತು.

ಓಣಿಯ ಜನ ಏದುಸಿರು ಬಿಡುತ್ತ ಬಂದು ದೂರದಲ್ಲೇ ಗುಂಪುಗೂಡಿ ನಿಂತರು. ಹತ್ತಿರ ಬಂದವರು ಶಿವಬಸವ್ವ ಒಬ್ಬರೇ. ಆಕೆಗೆ ಆಶ್ಚರ್ಯವೇನೂ ಆಗಿರಲಿಲ್ಲ.

"ನಾನಽ ಹೇಳಿದೆ ತಮ್ಮಾ. ಗೇಟಿನ ಮುಂದ ಬಂದಾಗ, 'ಇವತ್ತ ಒಳಗ ಬರಬ್ಯಾಡ್ರಿ, ಪಾಪ ಆ ಹುಡುಗನ ಸೈಕಲ್ ಗುಜರಿಗೆ ಹೋಗ್ತೈತಿ, ನಿಮ್ಮ ಜಾಗಾಕ್ಕ ಹೋಗ್ರಿ' ಅಂದೆ. ನನ್ನ ಮಾತು ಅವರು ಎಂದೂ ತಗದುಹಾಕಿಲ್ಲ."

"ಕಾಕೂ, ಅದು ಹಂಗಲ್ಲ" ಅಂದರು ರಾಯರು. "ಮೂರು ಡಿಗ್ರಿ ವಾಲಿಸಿದ್ದಕ್ಕ ಟ್ರೇಲ್ ಹೆಚ್ಚಾತು. ಹೆಚ್ಚಾಗಿದ್ದಕ್ಕ ನೆಟ್ಟಗ ಹೋತು. ಯಮನಪ್ಪಾ, ನೀನಽ ಹೇಳಪಾ ಇವರಿಗೆ."

ಗುಂಪಿನ ಹಿಂದಿನಿಂದ ಯಮನಪ್ಪ ಮುಂದೆ ಬಂದ. ಟೋಪಿ ಕೈಯಲ್ಲಿತ್ತು.

"ತಪ್ಪಾತ್ರಿ ಸರ್ರ. ಬಳಿ ನೋಡಿದ ಕೂಡ್ಲೆ ನನಗ ಗಾಲಿ ಗುರ್ತ ಸಿಕ್ತು. ಸಾಲ್ಯಾಗ ಮೂರ್ನೇತ್ತಾ ಇದ್ದಾಗ ನಂಗ ಮಗ್ಗಿ ಕಲಿಸಿದ ಮಾಸ್ತರದು. ಕಟರ್ ಹಿಡದ್ನಿ, ಆದ್ರ ಅವರ ಫೋರ್ಕಿಗೆ ಹಚ್ಚಾಕ ಕೈ ಏಳಲಿಲ್ರಿ. ನಾ ಏನೂ ಕಟ್ ಮಾಡಿಲ್ಲ. ಬಣ್ಣಾ ಅಷ್ಟಽ ಹಚ್ಚೇನಿ."

ರಾಯರು ಮೊಣಕಾಲೂರಿ ಕೂತು, ಕೊಳವೆಯ ಗುಂಟ ಕಣ್ಣು ಓಡಿಸಿ, ಗಾಲಿಯ ಮುಂದೆ ಮಣ್ಣಿನ ಮೇಲೆ ಬೆರಳು ಇಟ್ಟು ಅಳೆದರು. ಎರಡು ಬೆರಳು. ಮತ್ತೊಮ್ಮೆ ಅಳೆದರು. ಬೆಳಿಗ್ಗೆ ಇದ್ದಷ್ಟೇ, ಎರಡೇ ಬೆರಳು. ಅವರಿಗೆ ಜೀವನದಲ್ಲಿ ಮೊದಲ ಸಲ ಅಳತೆ ಮಾಡಿದ್ದು ತಪ್ಪಾಯಿತೆನಿಸಿತು.

ಎದ್ದು ನಿಂತು ಹೆಂಡತಿಯ ಕಡೆ ತಿರುಗಿ, "ಅಂಬಾ, ಆ ಗುಜರಿಯವನ ನಂಬರ್ ನಿನ್ನ ಹತ್ರ ಅದ ಅಲಾ?" ಎಂದು ಮೆಲ್ಲಗೆ ಕೇಳಿದರು.

ಅಂಬಾಬಾಯಿ ಮಾತಿಗೆ ತಪ್ಪುವ ಹೆಂಗಸಲ್ಲ. "ಯಾಕ? ನೀವು ಗೆದ್ದೀರಿ. ಗೇಟು ಹೊಕ್ಕಿಲ್ಲ. ದೇವರಂಥಾ ಮಾಸ್ತರ ಗಾಲಿ ಗುಜರಿಗೆ ಹಾಕೂ ಪಾಪಾ ನನಗ ಬ್ಯಾಡ. ನಾಳಿಂದ ದಿನಾ ಇದರ ಮ್ಯಾಲೇ ಹೋಗ್ರಿ. ಒಂದು ದಿನಾ ತಪ್ಪಸೂದಿಲ್ಲ ಅಂದವರು ನೀವಽ."

"ವಿಡಿಯೋದಾಗೂ ಐತ್ರಿ" ಅಂದರು ದಾ‌ಕ್ಷಾಯಿಣಿ.

ರಾಯರು ಎಂದೂ ಇಲ್ಲದ ಪ್ರೀತಿಯಿಂದ ಮುರುಗೆಪ್ಪನವರ ತೋಳು ಹಿಡಿದರು. "ಮುರುಗೆಪ್ಪಾರ, ನಾಳೆ ಮುಂಜಾನೆ ನಿಮ್ಮ ಸ್ಕೂಟರ್..."

"ಏ, ಗೆದ್ದವರಿಗೆ ಸ್ಕೂಟರ್ ಯಾಕ್ರೀ ರಾಯರ?" ಎಂದು ಮುರುಗೆಪ್ಪನವರು ತೋಳು ಬಿಡಿಸಿಕೊಂಡರು. ಅವರ ಕಣ್ಣು ನೀಲಿ ಗಾಲಿಯ ಮೇಲಿತ್ತು. "ನೀವು ಬಂದ್ರ ಅಡ್ಡಿಯಿಲ್ಲ. ನಿಮ್ಮ ಸಂಗಾಟ ಅವರೂ ಬಂದು ಕುಂತ್ರ? ನನ್ನ ಗಾಡ್ಯಾಗ ಇಬ್ಬರಿಗಷ್ಟಽ ಜಾಗಾ ಐತಿ." ಮುಖ ನೋಡಿ ಮಾತಾಡುವ ಮನುಷ್ಯ ಅಂದು ಮೊದಲ ಸಲ ಮುಖ ನೋಡದೆ ಮಾತಾಡಿದರು.

ಶಿವಬಸವ್ವ ಗಾಲಿಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದರು.

"ನಾಳೆ ಸ್ವಲ್ಪ ಲಗೂ ಏಳು ತಮ್ಮಾ. ರವಿವಾರ ಅಂತ ಇಷ್ಟು ದಿನಾ ಮನಿಗೆ ಬರ್ತಿದ್ರು. ನಾಳೆ ಸೋಮವಾರ, ಸಾಲಿ ಐತಿ. ಮೊದಲ ಅವರ ಸಾಲಿ ಮುಟ್ಟಿಸಿ, ಆಮ್ಯಾಲ ನೀ ನಿನ್ನ ಕಾಲೇಜಿಗೆ ಹೋಗಂತ."

"ಸಾಲಿ... ಎಲ್ಲದ ಕಾಕೂ?" ಎಂದು ರಾಯರು ಕೇಳಿದರು.

"ಅಮ್ಮಿನಬಾವ್ಯಾಗ."

ಅಮ್ಮಿನಬಾವಿ ಅಂದರೆ ನವನಗರದಿಂದ ಧಾರವಾಡವನ್ನೂ ದಾಟಿ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ರಾಯರು ನಿಧಾನವಾಗಿ ಸೈಕಲ್ಲಿನ ಕಡೆ ತಿರುಗಿ ನೋಡಿದರು. ಶಿವಬಸವ್ವ ಕೈ ತೆಗೆದು ಆಗಲೇ ದೂರ ಸರಿದಿದ್ದರು, ಹತ್ತಿರ ಬೇರೆ ಯಾರೂ ಇರಲಿಲ್ಲ. ಮುಂದಿನ ಗಾಲಿ ಧಾರವಾಡದ ಕಡೆ ಮುಖ ಮಾಡಿ ನಿಂತಿತ್ತು.